ಮತ್ತೆ ಬರುವ ಮನೆ



ಪ್ರತಿಯೊಂದು ಕುಟುಂಬಕ್ಕೂ ತನ್ನದೇ ಆದ ಒಂದು ರುಚಿ ಇರುತ್ತದೆ. ಅದು ಅಜ್ಜಿ ಮಾಡುತ್ತಿದ್ದ ಸಾರಿನ ರುಚಿಯಾಗಿರಬಹುದು. ಹಬ್ಬದ ದಿನ ಮಾತ್ರ ಮನೆಯಲ್ಲಿ ಆಗುತ್ತಿದ್ದ ಕಜ್ಜಾಯದ ರುಚಿಯಾಗಿರಬಹುದು. ಸಂತೆಯ ದಿನ ಅಪ್ಪ ಕೈಹಿಡಿದು ಕರೆದೊಯ್ಯುತ್ತಿದ್ದ ಹೋಟೆಲಿನ ದೋಸೆಯ ರುಚಿಯೂ ಆಗಿರಬಹುದು. ಎಷ್ಟೋ ವರ್ಷಗಳ ನಂತರ ಆ ರುಚಿ ನಾಲಿಗೆಗೆ ತಾಗಿದೊಡನೆ, ತೀರಿಹೋದವರು ಎದುರಿಗೆ ಬಂದು ಕುಳಿತಂತಾಗುತ್ತದೆ. ಹೊಟ್ಟೆಗಾಗಿ ಉಣ್ಣುವ ಊಟ ಒಂದಾದರೆ, ಹೃದಯಕ್ಕಾಗಿ ಉಣ್ಣುವ ಊಟ ಇನ್ನೊಂದು. ಇಂದು ಅಂಥ ಎರಡನೆಯ ಬಗೆಯ ಊಟದ ಕುರಿತು ನಿಮ್ಮೊಡನೆ ಚಿಂತಿಸಲು ಬಯಸುತ್ತೇನೆ. ಅದಕ್ಕಾಗಿ ನಾವು ಸ್ವಲ್ಪ ದೂರ, ಕೊರಿಯಾ ದೇಶದ ಒಂದು ಶಾವಿಗೆ ಅಂಗಡಿಯವರೆಗೆ ಹೋಗಿಬರಬೇಕಾಗಿದೆ.

ಕೊರಿಯನ್ನರ ಪ್ರಸಿದ್ಧ ತಿನಿಸುಗಳಲ್ಲಿ ನೆಂಗ್‌ಮ್ಯೊನ್ ಒಂದು. ಹಾಗೆಂದರೆ ತಣ್ಣನೆಯ ಶಾವಿಗೆ ಎಂದರ್ಥ. ಬಕ್‌ವೀಟ್ ಎಂಬ ಧಾನ್ಯದ ಹಿಟ್ಟನ್ನು ನಾದಿ, ನಮ್ಮ ಹಳ್ಳಿಯ ಶಾವಿಗೆ ಒರಳಿನಂಥ ಅಚ್ಚಿಗೆ ತುಂಬಿ, ಕುದಿಯುವ ನೀರಿಗೆ ನೇರವಾಗಿ ಒತ್ತುತ್ತಾರೆ. ಉತ್ತರ ಭಾರತದವರು ಉಪವಾಸದ ದಿನ ಬಳಸುವ ಕುಟ್ಟು ಹಿಟ್ಟು ಈ ಧಾನ್ಯದ್ದೇ. ಬೆಂದ ಎಳೆಗಳನ್ನು ತಣ್ಣೀರಿನಲ್ಲಿ ತೊಳೆದು ಬಟ್ಟಲಿಗೆ ಹಾಕಿ, ಅದರ ಮೇಲೆ ಆರಿಸಿ ತಂಪು ಮಾಡಿದ ಮಾಂಸದ ತಿಳಿಸಾರನ್ನು ಸುರಿಯುತ್ತಾರೆ. ಕೆಲವರು ಮೂಲಂಗಿಯ ನೀರುಪ್ಪಿನಕಾಯಿಯ ಹುಳಿನೀರನ್ನೂ ಬೆರೆಸುವುದುಂಟು. ಮೇಲೆ ಕೆಲವು ಚೂರು ಮಾಂಸ, ಸೌತೆ, ಮರಸೇಬು, ಅರ್ಧ ಮೊಟ್ಟೆ. ಅಷ್ಟೇ. ಇದು ಮೂಲತಃ ಕೊರಿಯಾದ ಉತ್ತರ ಭಾಗದ, ಅದರಲ್ಲೂ ಪ್ಯಾಂಗ್ಯಾಂಗ್ ಸೀಮೆಯ ಊಟ. ಅಲ್ಲಿನ ಹಬ್ಬಹರಿದಿನಗಳನ್ನು ವಿವರಿಸುವ 1849ರ ಗ್ರಂಥವೊಂದು ಇದನ್ನು ಚಳಿಗಾಲದ ಊಟವೆಂದು ಹೇಳುತ್ತದೆ.

ಖಾರ ಮಸಾಲೆಗೆ ಒಗ್ಗಿದ ನಾಲಿಗೆಗೆ ಪ್ಯಾಂಗ್ಯಾಂಗಿನ ಈ ಶಾವಿಗೆ ಸಪ್ಪೆ ಎನಿಸುತ್ತದೆ. ಕೊರಿಯಾದವರೇ ಮೊದಲ ಸಲ ಉಂಡಾಗ, ಇದರಲ್ಲಿ ಇಷ್ಟು ಹೊಗಳುವಂಥದ್ದೇನಿದೆ ಎಂದು ಕೇಳುವುದುಂಟು. ಮತ್ತೆ ಮತ್ತೆ ಉಂಡವರಿಗೆ ಮಾತ್ರ ಆ ತಿಳಿಸಾರಿನ ಒಳಗಿರುವ ರುಚಿ ನಿಧಾನವಾಗಿ ಸಿಗುತ್ತದೆ. ಈ ಮಾತನ್ನು ಮನಸ್ಸಿನಲ್ಲಿಡಿ. ಮುಂದೆ ನಮಗೆ ಬೇಕಾಗುತ್ತದೆ.

ಉತ್ತರದ ಈ ಊಟ ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲಿನಲ್ಲಿ ಇಷ್ಟು ಬೇರೂರಿದ್ದರ ಹಿಂದೆ ಒಂದು ದೊಡ್ಡ ದುಃಖವಿದೆ. 1945ರಲ್ಲಿ ಆ ದೇಶವನ್ನು 38ನೇ ಅಕ್ಷಾಂಶದ ಗೆರೆಯಲ್ಲಿ ಎರಡು ಭಾಗ ಮಾಡಲಾಯಿತು. 1950ರ ಜೂನ್ 25ರಂದು ಯುದ್ಧ ಆರಂಭವಾಯಿತು. ಆ ವರ್ಷದ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಉತ್ತರದ ಜನ ಗುಂಪುಗುಂಪಾಗಿ ದಕ್ಷಿಣಕ್ಕೆ ಹೊರಟರು. ಹುಂಗ್ನಾಮ್ ಬಂದರಿನಲ್ಲಿ ನಿಂತಿದ್ದ ಮೆರೆಡಿತ್ ವಿಕ್ಟರಿ ಎಂಬ ಸರಕು ಹಡಗು, ಸುಮಾರು 14,000 ನಿರಾಶ್ರಿತರನ್ನು ತುಂಬಿಕೊಂಡು, ಕ್ರಿಸ್ಮಸ್ ದಿನ ದಕ್ಷಿಣದ ಗೋಜೆ ದ್ವೀಪ ತಲುಪಿತು. ದಾರಿಯಲ್ಲಿ 5 ಮಕ್ಕಳು ಹುಟ್ಟಿದವು. ಆ ಹಡಗಿನ ಕಪ್ತಾನ ಲಿಯೊನಾರ್ಡ್ ಲಾರೂ ಕೆಲವು ವರ್ಷಗಳ ಬಳಿಕ ಸಮುದ್ರಯಾನ ಬಿಟ್ಟು, ಬೆನೆಡಿಕ್ಟೈನ್ ಸಭೆ ಸೇರಿ ಬ್ರದರ್ ಮರೀನುಸ್ ಆದರು. 2001ರಲ್ಲಿ ತೀರಿಹೋದ ಅವರನ್ನು ಪುನೀತರ ಸಾಲಿಗೆ ಸೇರಿಸುವ ವಿಚಾರಣೆ ಇಂದು ಧರ್ಮಸಭೆಯಲ್ಲಿ ನಡೆದಿದೆ.

ಹೀಗೆ ಬಂದವರಲ್ಲಿ ಬಹಳ ಮಂದಿ, ಕೆಲವು ದಿನ ಕಳೆದರೆ ಊರಿಗೆ ಹಿಂದಿರುಗಬಹುದು ಎಂದುಕೊಂಡೇ ಮನೆಯ ಬಾಗಿಲು ಎಳೆದುಕೊಂಡು ಬಂದಿದ್ದರು. 1953ರ ಜುಲೈ 27ರಂದು ಯುದ್ಧ ನಿಂತಿತು; ಆದರೆ ಅದು ಕದನವಿರಾಮ ಮಾತ್ರ. ಶಾಂತಿ ಒಪ್ಪಂದ ಇಂದಿನವರೆಗೂ ಆಗಿಲ್ಲ. ಗಡಿ ಮುಚ್ಚಿತು. ತಾಯಿ ಆ ಕಡೆ, ಮಗ ಈ ಕಡೆ. ಹೆಂಡತಿ ಆ ಕಡೆ, ಗಂಡ ಈ ಕಡೆ.

ಊರು ಕಳೆದುಕೊಂಡ ಮನುಷ್ಯ ಏನು ಮಾಡಿಯಾನು? ಹಲವರು ತಮಗೆ ಗೊತ್ತಿದ್ದ ಊಟ ಮಾಡಿ ಬಡಿಸಿದರು. ಹಾಮ್‌ಹುಂಗ್ ಕಡೆಯವರು ಸಿಯೋಲಿನ ಓಜಾಂಗ್ ಬಡಾವಣೆಯಲ್ಲಿ ತಮ್ಮ ಊರಿನ ಖಾರದ ಶಾವಿಗೆಯ ಅಂಗಡಿಗಳನ್ನು ತೆರೆದರು. ಗಡಿಗೆ ಹತ್ತಿರವಿರುವ ಸೊಕ್ಚೋ ಊರಿನ ಕಡಲತೀರದ ಮರಳಿನ ಮೇಲೆ, ದಾರಿ ತೆರೆದ ಕೂಡಲೇ ಹೋಗಲು ಅನುಕೂಲವೆಂದು, ಇನ್ನು ಕೆಲವರು ಗುಡಿಸಲು ಹಾಕಿಕೊಂಡರು. ಆ ಜಾಗಕ್ಕೆ ಇಂದಿಗೂ ಅಬಾಯಿ ಗ್ರಾಮವೆಂದೇ ಹೆಸರು. ಅವರ ಆಡುಮಾತಿನಲ್ಲಿ ಅಬಾಯಿ ಎಂದರೆ ಹಿರಿಯ, ಅಜ್ಜ. ಸಿಯೋಲಿನಲ್ಲಿ ಪ್ಯಾಂಗ್ಯಾಂಗಿನವರೊಬ್ಬರು 1946ರಲ್ಲೇ ಆರಂಭಿಸಿದ್ದ ಒಂದು ಊಟದ ಮನೆ ಯುದ್ಧದಲ್ಲಿ ಮುಚ್ಚಿಹೋಗಿತ್ತು. ಮತ್ತೆ ತೆರೆದಾಗ ಅದಕ್ಕೆ ಅವರು ಊ ರೇ ಓಕ್ ಎಂಬ ಹೆಸರಿಟ್ಟರು. ಮತ್ತೆ ಬರುವ ಮನೆ ಎಂದು ಅದರ ಅರ್ಥ. ಗಮನಿಸಿ: ತಮ್ಮ ಸ್ವಂತ ಮನೆಗೆ ಮತ್ತೆ ಹೋಗಲಾಗದವರು ಪರರಿಗಾಗಿ ಮತ್ತೆ ಬರುವ ಮನೆಯೊಂದನ್ನು ತೆರೆದಿಟ್ಟರು. ಕಳೆದುಕೊಂಡದ್ದಕ್ಕೆ ಹಗೆ ಸಾಧಿಸುತ್ತಾ ಕೂರಬಹುದಿತ್ತು. ಅದರ ಬದಲು ಹಸಿದು ಬಂದವರಿಗೆ ಬಟ್ಟಲು ತುಂಬಿ ಕೊಟ್ಟರು.

ಅಂಥ ಅಂಗಡಿಗಳಲ್ಲಿ ಒಂದಕ್ಕೆ ಬಾಲ್ಯದಿಂದ ಹೋಗಿಬರುತ್ತಿದ್ದ ಕೊರಿಯಾದ ಗುರುವೊಬ್ಬರ ಪರಿಚಯ ನನಗಾಗಿತ್ತು. ಕೆಲವು ತಿಂಗಳ ಅಧ್ಯಯನಕ್ಕೆಂದು ಅವರು ಬೆಂಗಳೂರಿಗೆ ಬಂದಿದ್ದರು. ಅವರ ತಾತ ಪ್ಯಾಂಗ್ಯಾಂಗಿನ ಹತ್ತಿರದ ಹಳ್ಳಿಯವರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತಾಯಿಯನ್ನೂ ಪುಟ್ಟ ತಂಗಿಯನ್ನೂ ಬಿಟ್ಟು, ತೈದೊಂಗ್ ನದಿ ದಾಟಿ ದಕ್ಷಿಣಕ್ಕೆ ಬಂದವರು. ಸಿಯೋಲಿನಲ್ಲಿ ಮದುವೆಯಾಗಿ ಮಕ್ಕಳು ಮೊಮ್ಮಕ್ಕಳಾದ ಮೇಲೂ, ಪ್ರತಿ ವರ್ಷ ಸುಗ್ಗಿಹಬ್ಬದ ಹಿಂದಿನ ದಿನ ಇಡೀ ಕುಟುಂಬವನ್ನು ಅದೇ ಅಂಗಡಿಗೆ ಕರೆದೊಯ್ಯುತ್ತಿದ್ದರು. ಮಕ್ಕಳಿಗೆ ಅದು ಬೇಡವಾಗಿತ್ತು. ಅವರಿಗೆ ಪಕ್ಕದ ಬೀದಿಯ ಚೀನೀ ಹೋಟೆಲಿನ ಕಪ್ಪು ಗೊಜ್ಜಿನ ಶಾವಿಗೆ ಇಷ್ಟ. ತಾತ ಬೈಯುತ್ತಿರಲಿಲ್ಲ, ಬಲವಂತ ಮಾಡುತ್ತಿರಲಿಲ್ಲ. ಶಾವಿಗೆ ಬೆಂದ ಬಿಸಿನೀರನ್ನು ಲೋಟದಲ್ಲಿ ಹಿಡಿದು ಮೊದಲು ಅದನ್ನು ಗುಟುಕರಿಸಿ, ಆಮೇಲೆ ಬಟ್ಟಲಿಗೆ ಏನೂ ಬೆರೆಸದೆ, ತಲೆ ಬಾಗಿಸಿ ಉಣ್ಣುತ್ತಿದ್ದರು.

ಉದ್ದನೆಯ ಶಾವಿಗೆ ದೀರ್ಘಾಯುಸ್ಸಿನ ಗುರುತು ಎಂಬುದು ಅಲ್ಲಿನ ನಂಬಿಕೆ. ಆದರೂ ತಿನ್ನಲು ಸುಲಭವಾಗಲೆಂದು ಅದನ್ನು ಕತ್ತರಿಯಿಂದ ಕತ್ತರಿಸಿಕೊಡುವ ರೂಢಿ ಅಂಗಡಿಗಳಲ್ಲಿದೆ. ಬಡಿಸುವವರು ಕತ್ತರಿ ಹಿಡಿದು ಬಂದಾಗಲೆಲ್ಲ ತಾತ ಕೈ ಅಡ್ಡ ಹಿಡಿದು, "ಬೇಡಮ್ಮ, ಕತ್ತರಿಸಿದ್ದು ಸಾಕಾಗಿದೆ" ಎನ್ನುತ್ತಿದ್ದರಂತೆ. ಮಕ್ಕಳು ಅದನ್ನು ತಮಾಷೆಯ ಮಾತೆಂದು ನಗುತ್ತಿದ್ದರು.

ಎರಡೂ ಸರ್ಕಾರಗಳು 2000ದಲ್ಲಿ ಬೇರ್ಪಟ್ಟ ಕುಟುಂಬಗಳ ಭೇಟಿಗೆ ಅವಕಾಶ ಕೊಟ್ಟಾಗ ತಾತ ಅರ್ಜಿ ಹಾಕಿದರು. ಅರ್ಜಿದಾರರು ಬಹಳ, ಭೇಟಿಯ ಅವಕಾಶ ಕೆಲವರಿಗೆ ಮಾತ್ರ. ಆದ್ದರಿಂದ ಚೀಟಿ ಎತ್ತಿದಂತೆ ಕಂಪ್ಯೂಟರ್ ಮೂಲಕ ಹೆಸರುಗಳನ್ನು ಆರಿಸುತ್ತಿದ್ದರು. ತಾತನ ಹೆಸರು ಬರಲೇ ಇಲ್ಲ. ತಾಯಿ ಬದುಕಿದ್ದಾಳೆಯೇ, ತಂಗಿಗೆ ಮದುವೆಯಾಯಿತೇ, ಒಂದೂ ತಿಳಿಯದೆ ಅವರು ಕಣ್ಣು ಮುಚ್ಚಿದರು. ಆ ವರ್ಷವೂ ಸುಗ್ಗಿಹಬ್ಬದ ಹಿಂದಿನ ದಿನ ಕುಟುಂಬ ಅದೇ ಅಂಗಡಿಗೆ ಹೋಯಿತು. ಬಡಿಸುವಾಕೆ ಕತ್ತರಿ ತಂದಾಗ, ಆಗಿನ್ನೂ ಗುರುಮಠದಲ್ಲಿದ್ದ ಮೊಮ್ಮಗ ತನಗರಿವಿಲ್ಲದೆಯೇ ಕೈ ಅಡ್ಡ ಹಿಡಿದ. ಮೇಜಿನ ಸುತ್ತ ಯಾರೂ ನಗಲಿಲ್ಲ. "ಆ ದಿನ ಮೊದಲ ಬಾರಿಗೆ ನನಗೆ ಆ ಸಾರಿನ ರುಚಿ ಗೊತ್ತಾಯಿತು" ಎಂದು ಆ ಗುರುಗಳು ನನಗೆ ಹೇಳಿದರು.

ಪ್ರಿಯರೇ, ಆ ತಾತ ಮೊಮ್ಮಕ್ಕಳಿಗೆ ಪಾಠ ಮಾಡಲಿಲ್ಲ. ಮೇಜಿಗೆ ಕರೆದೊಯ್ದರು, ಅಷ್ಟೇ. ವರ್ಷ ವರ್ಷವೂ ಕರೆದೊಯ್ದರು. ನೆನಪು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹರಿಯುವ ದಾರಿ ಇದೇ. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ನೆನಪನ್ನು ಮನಸ್ಸಿನ ಜಠರಕ್ಕೆ ಹೋಲಿಸುತ್ತಾರೆ. ಸಿಹಿಕಹಿಗಳೆಲ್ಲ ಒಳಗೆ ಹೋಗಿ ಸೇರಿಕೊಂಡಿರುತ್ತವೆ; ಆದರೆ ಅಲ್ಲಿ ಅವುಗಳ ರುಚಿ ತಿಳಿಯುವುದಿಲ್ಲ ಎಂಬುದು ಅವರ ವಿಚಾರ. ಹಾಗಾದರೆ ರುಚಿ ತಿಳಿಯಬೇಕಾದರೆ ಏನು ಮಾಡಬೇಕು? ಮತ್ತೆ ನಾಲಿಗೆಯ ಮೇಲೆ ಇಟ್ಟುಕೊಳ್ಳಬೇಕು. ಆದ್ದರಿಂದಲೇ ದೇವರು ತಮ್ಮ ಜನರ ವಿಮೋಚನೆಯನ್ನು ಬರಿಯ ಬರಹವಾಗಿ ಬಿಡಲಿಲ್ಲ; ಅದನ್ನೊಂದು ಊಟವನ್ನಾಗಿ ಮಾಡಿದರು. ಇಸ್ರಯೇಲರು ಪಾಸ್ಕ ಹಬ್ಬದ ರಾತ್ರಿ ಹುಳಿಯಿಲ್ಲದ ರೊಟ್ಟಿಯನ್ನೂ ಕಹಿಸೊಪ್ಪನ್ನೂ ಉಣ್ಣಬೇಕಾಗಿತ್ತು. ಇದೆಲ್ಲ ಏಕೆಂದು ಮಕ್ಕಳು ಕೇಳಿದಾಗ ಹಿರಿಯರು ಹೇಳಬೇಕಾಗಿತ್ತು. ಮೊದಲು ಊಟ, ಆಮೇಲೆ ಪ್ರಶ್ನೆ, ಅದಾದ ಮೇಲೆ ಉತ್ತರ.

ನಮ್ಮ ಪ್ರಭುವೂ ತಾವು ಹೊರಡುವ ಹಿಂದಿನ ರಾತ್ರಿ ಶಿಷ್ಯರ ಕೈಗೆ ಗ್ರಂಥವನ್ನು ಕೊಡಲಿಲ್ಲ. ರೊಟ್ಟಿಯನ್ನು ಮುರಿದು ಕೊಟ್ಟರು, ಪಾತ್ರೆಯನ್ನು ಕೊಟ್ಟರು, ತಮ್ಮ ಸ್ಮರಣೆಗಾಗಿ ಇದನ್ನು ಮಾಡುತ್ತಿರಬೇಕೆಂದು ಕೇಳಿಕೊಂಡರು. ನಮ್ಮ ಬಲಿಪೂಜೆಯ ಸ್ಮರಣೆ ಹಳೆಯ ಚಿತ್ರ ನೋಡಿ ನಿಟ್ಟುಸಿರು ಬಿಡುವಂಥದ್ದಲ್ಲ. ಸ್ಮರಿಸುವಲ್ಲಿ ಪ್ರಭು ನಿಜವಾಗಿ ಉಪಸ್ಥಿತರಾಗುತ್ತಾರೆ. ಮನುಷ್ಯರ ನೆನಪು ತೀರಿಹೋದವರನ್ನು ಎದುರಿಗೆ ಕುಳಿತಂತೆ ಕಾಣಿಸಬಲ್ಲದು. ಪರಮಪ್ರಸಾದದಲ್ಲಿ 'ಕುಳಿತಂತೆ' ಎಂಬ ಮಾತಿಲ್ಲ, ಅವರೇ ಇದ್ದಾರೆ. ಆ ಬಿಳಿಯ ರೊಟ್ಟಿಯೂ ಸಪ್ಪೆಯೇ ಅಲ್ಲವೇ? ಪೂಜೆಯಲ್ಲಿ ಬೇಸರವೆನ್ನುವ ಮಗನನ್ನೋ ಮಗಳನ್ನೋ ಕಂಡು ಎದೆಗುಂದುವ ತಂದೆತಾಯಿಯರೇ, ಆ ತಾತನನ್ನು ನೆನೆಯಿರಿ. ಬೈಯಬೇಡಿ, ಕೈಬಿಡಲೂಬೇಡಿ. ಮೇಜಿಗೆ ಕರೆದೊಯ್ಯುತ್ತಲೇ ಇರಿ. ರುಚಿ ತಿಳಿಯುವ ದಿನ ನೀವಿಲ್ಲದ ಮೇಲೆ ಬರಬಹುದು, ಆದರೆ ಬರುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ನೆನಪಿನಲ್ಲಿರುವ ಮನೆ ಹಾಗೆಯೇ ನಮಗೆ ಮರಳಿ ಸಿಗುತ್ತದೆಂಬ ಭರವಸೆಯಿಲ್ಲ. ವೊಂಜು ಧರ್ಮಕ್ಷೇತ್ರದ ಮೊದಲ ಧರ್ಮಾಧ್ಯಕ್ಷರಾಗಿದ್ದ ಪೂಜ್ಯ ದಾನಿಯೇಲ್ ಜಿ ಹಕ್-ಸುನ್ ಅವರ ಜೀವನ ಇದಕ್ಕೆ ಸಾಕ್ಷಿ. ಅವರು ಹುಟ್ಟಿದ್ದು ಉತ್ತರದಲ್ಲಿ, 1921ರಲ್ಲಿ. ದಕ್ಷಿಣಕ್ಕೆ ಬಂದದ್ದು 1950ರಲ್ಲಿ. ನ್ಯಾಯಕ್ಕಾಗಿ ಮಾತನಾಡಿ 1974ರಲ್ಲಿ ಸೆರೆಮನೆ ಕಂಡವರು. 1985ರ ಸೆಪ್ಟೆಂಬರಿನಲ್ಲಿ ಬೇರ್ಪಟ್ಟ ಕುಟುಂಬಗಳ ಮೊದಲ ಅಧಿಕೃತ ಭೇಟಿ ನಡೆದಾಗ, ಅವರು ಪ್ಯಾಂಗ್ಯಾಂಗಿಗೆ ಹೋಗಿ 35 ವರ್ಷಗಳ ಬಳಿಕ ತಮ್ಮ ಸ್ವಂತ ತಂಗಿಯನ್ನು ಕಂಡರು. ಅಣ್ಣತಂಗಿ ತಬ್ಬಿಕೊಂಡು ಅತ್ತರು. ಆದರೆ ಅಣ್ಣ ದೇವರ ಮಾತೆತ್ತಿದಾಗ, ತಾವು ಬದುಕಿರುವಾಗಲೇ ಸ್ವರ್ಗದಲ್ಲಿದ್ದೇವೆ, ಸತ್ತ ಮೇಲಿನ ಸ್ವರ್ಗ ಏಕೆ ಬೇಕು ಎಂಬ ಅರ್ಥದಲ್ಲಿ ತಂಗಿ ಉತ್ತರಿಸಿದಳು. ಇಷ್ಟು ವರ್ಷ ಕಾದು ಕಂಡ ಮುಖ ಎದುರಿಗೇ ಇದ್ದರೂ, ನಡುವೆ ಇನ್ನೊಂದು ಗಡಿ ಎದ್ದಿತ್ತು. ಧರ್ಮಾಧ್ಯಕ್ಷರು ಕಣ್ಣೀರಿಡುತ್ತಲೇ ಹಿಂದಿರುಗಿದರು. ಆದರೆ ಹಿಂದಿರುಗುವ ಮುನ್ನ ಪ್ಯಾಂಗ್ಯಾಂಗಿನ ತಮ್ಮ ಹೋಟೆಲಿನಲ್ಲಿಯೇ ಬಲಿಪೂಜೆ ಅರ್ಪಿಸಿದರು. ಮನುಷ್ಯರ ಮೇಜು ಎಲ್ಲಿ ಸೋಲುತ್ತದೋ ಅಲ್ಲಿಂದ ಮುಂದಕ್ಕೂ ಪ್ರಭುವಿನ ಮೇಜು ಚಾಚಿಕೊಂಡಿದೆ ಎಂಬುದನ್ನು ಅವರು ಬಲ್ಲವರಾಗಿದ್ದರು.

2018ರ ಏಪ್ರಿಲ್ 27ರಂದು ಎರಡೂ ಕೊರಿಯಾಗಳ ನಾಯಕರು ಗಡಿಯ ಪನ್ಮುನ್‌ಜೊಮ್‌ನಲ್ಲಿ ಭೇಟಿಯಾದರು. ಆ ದಿನದ ಔತಣಕ್ಕೆ ಪ್ಯಾಂಗ್ಯಾಂಗಿನ ಪ್ರಸಿದ್ಧ ಓಂಗ್ರ್ಯುಗ್ವಾನ್ ಊಟದ ಮನೆಯ ಅಡುಗೆಯವರೂ ಶಾವಿಗೆ ಒತ್ತುವ ಯಂತ್ರವೂ ಬಂದವು. ಸುದ್ದಿ ಕೇಳಿದ ಸಿಯೋಲಿನ ಜನ ತಮ್ಮ ಊರಿನ ಶಾವಿಗೆ ಅಂಗಡಿಗಳ ಮುಂದೆ ಉದ್ದನೆಯ ಸಾಲು ನಿಂತರು. ಆದರೆ ಅದೇ ವರ್ಷದ ಆಗಸ್ಟ್ ತಿಂಗಳ ನಂತರ ಕುಟುಂಬಗಳ ಮುಖಾಮುಖಿ ಭೇಟಿ ಮತ್ತೆ ನಡೆದಿಲ್ಲ. ಭೇಟಿಗಾಗಿ ಹೆಸರು ನೋಂದಾಯಿಸಿದ್ದ 1,30,000ಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಜನ ಈಗ ತೀರಿಹೋಗಿದ್ದಾರೆ. ಶಾವಿಗೆ ಗಡಿ ದಾಟಿತು, ಅಣ್ಣತಮ್ಮಂದಿರು ದಾಟಲಿಲ್ಲ.

ಸಹೋದರ ಸಹೋದರಿಯರೇ, ಇದನ್ನೆಲ್ಲ ಓದುವಾಗ ನಮಗೆ ಅಯ್ಯೋ ಎನಿಸುತ್ತದೆ. ಆದರೆ ನಮ್ಮ ಮನೆಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸೋಣ. ಕೊರಿಯಾದಲ್ಲಿ ಗಡಿಯನ್ನು ಮುಳ್ಳುತಂತಿ ಮತ್ತು ಬಂದೂಕು ಕಾಯುತ್ತಿವೆ. ನಮ್ಮ ಊರುಗಳಲ್ಲಿ? ಒಂದೇ ತಾಯಿಯ ಮಕ್ಕಳ ನಡುವೆ ಎಂಟಡಿ ಎತ್ತರದ ಒಂದು ಗೋಡೆ. ಅರ್ಧ ಎಕರೆ ತೋಟ, ಒಂದು ಜೊತೆ ಬಳೆ, ಮದುವೆಯಲ್ಲಿ ಆಡಿದ ಒಂದು ಮಾತು. ಇಷ್ಟಕ್ಕೆ ಹತ್ತು ಹದಿನೈದು ವರ್ಷ ಮುಖ ನೋಡದ ಅಣ್ಣತಮ್ಮಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ? ಒಂದೇ ದೇವಾಲಯದಲ್ಲಿ ಒಬ್ಬರು ಬಲಗಡೆಯ ಬೆಂಚಿನಲ್ಲಿ, ಇನ್ನೊಬ್ಬರು ಎಡಗಡೆಯ ಬೆಂಚಿನಲ್ಲಿ ಕುಳಿತು, ಒಂದೇ ಪರಮಪ್ರಸಾದ ಸ್ವೀಕರಿಸಿ, ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುವವರಿಲ್ಲವೇ? ಒಂದೇ ಒಂದು ಊಟವನ್ನು ತಂಗಿಯೊಡನೆ ಉಣ್ಣಲು ಆ ತಾತ ತನ್ನ ಆಸ್ತಿಯನ್ನೆಲ್ಲ ಕೊಡಲು ಸಿದ್ಧನಿದ್ದ, ಅವನಿಗೆ ದಾರಿಯಿರಲಿಲ್ಲ. ನಮಗೆ ದಾರಿಯಿದೆ, ನಡೆದರೆ ಐದು ನಿಮಿಷ. ಹೋಗಲು ನಾವು ಸಿದ್ಧರಿಲ್ಲ.

ಕಾಣಿಕೆಯೊಡನೆ ಬಲಿಪೀಠದ ಬಳಿಗೆ ಬಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಅಸಮಾಧಾನವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಇಟ್ಟು ಮೊದಲು ಅವನೊಡನೆ ಸಂಧಾನವಾಗಬೇಕೆಂದು ಪ್ರಭು ಬೋಧಿಸಿದ್ದನ್ನು ಸಂತ ಮತ್ತಾಯರು ಬರೆದಿದ್ದಾರೆ. ಇಲ್ಲಿಯೂ ಬರುವ ಮಾತು ನೆನಪೇ. ತಪ್ಪು ಯಾರದು ಎಂದು ಪ್ರಭು ಮೊದಲು ವಿಚಾರಿಸುವುದಿಲ್ಲ, ಹೊರಡು ಎನ್ನುತ್ತಾರೆ. 2014ರ ಆಗಸ್ಟ್ 18ರಂದು ಜಗದ್ಗುರು ಫ್ರಾನ್ಸಿಸರು ಸಿಯೋಲಿನ ಮ್ಯೊಂಗ್‌ಡೊಂಗ್ ಪ್ರಧಾನಾಲಯದಲ್ಲಿ ಶಾಂತಿ ಮತ್ತು ಸಂಧಾನಕ್ಕಾಗಿ ಬಲಿಪೂಜೆ ಅರ್ಪಿಸಿದಾಗ, ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರರು ಪ್ರಭುವನ್ನು ಕೇಳಿದ ಪ್ರಸಂಗವನ್ನೇ ಧ್ಯಾನಕ್ಕೆ ಆರಿಸಿಕೊಂಡರು. ಒಡೆದುಹೋದ ಒಂದು ಇಡೀ ದೇಶದ ಎದುರು ನಿಂತಾಗಲೂ, ಅವರು ಜನರನ್ನು ಮರಳಿ ಕರೆದದ್ದು ಸಹೋದರನನ್ನು ಕ್ಷಮಿಸುವ ಆ ಮೊದಲ ಪಾಠಕ್ಕೇ.

ಹಾಗಾದರೆ ನಾವು ಏನು ಮಾಡೋಣ? ಮೂರು ಸಣ್ಣ ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ಭಾನುವಾರದ ಪೂಜೆಯ ನಂತರ ಮನೆಮಂದಿಯೆಲ್ಲ ಟಿ.ವಿ., ಮೊಬೈಲ್ ಬದಿಗಿಟ್ಟು ಒಟ್ಟಿಗೆ ಉಣ್ಣಿರಿ. ತೀರಿಹೋದ ಹಿರಿಯರೊಬ್ಬರಿಗೆ ಪ್ರಿಯವಾಗಿದ್ದ ಅಡುಗೆ ಮಾಡಿ, ಅವರ ಕಥೆಯನ್ನು ಮಕ್ಕಳಿಗೆ ಹೇಳಿ, ಅವರಿಗಾಗಿ ಒಂದು ಪ್ರಾರ್ಥನೆ ಹೇಳಿರಿ. ಹೇಳಬಲ್ಲವರು ಬದುಕಿರುವಾಗಲೇ ಕೇಳಿಸಿಕೊಳ್ಳಿರಿ. ಎರಡನೆಯದು, ಊರುಬಿಟ್ಟು ಬಂದವರನ್ನು ನಿಮ್ಮ ಊಟಕ್ಕೆ ಕರೆಯಿರಿ. ಕಟ್ಟಡದ ಕೆಲಸಕ್ಕೆ ಬಂದ ಬಿಹಾರದ ಹುಡುಗ, ಹಾಸ್ಟೆಲಿನಲ್ಲಿರುವ ಮಣಿಪುರದ ಹುಡುಗಿ. ಅವರ ನಾಲಿಗೆಗೂ ಒಂದು ಮನೆ ನೆನಪಿದೆ. ಮೂರನೆಯದು, ಎಲ್ಲಕ್ಕಿಂತ ಕಷ್ಟದ್ದು. ನಿಮ್ಮ ಮೇಜಿನ ಸುತ್ತ ಇರಬೇಕಾಗಿದ್ದು, ಇರದಿರುವವರು ಯಾರು? ಸತ್ತವರನ್ನು ಕರೆತರಲು ನಮ್ಮಿಂದಾಗದು. ಅವರನ್ನು ದೇವರು ನೋಡಿಕೊಳ್ಳುತ್ತಾರೆ. ಬದುಕಿರುವವರ ಮನೆಯ ಬಾಗಿಲು ತಟ್ಟಲು ನಮ್ಮಿಂದ ಸಾಧ್ಯ. ವ್ಯಾಜ್ಯ ಬಗೆಹರಿದ ಮೇಲೆ ಊಟ ಎನ್ನಬೇಡಿ. ಮೊದಲು ಊಟ ಆಗಲಿ. ಎಮ್ಮಾವಿನ ದಾರಿಯಲ್ಲಿ ಶಿಷ್ಯರಿಗೆ ಪ್ರಭುವಿನ ಗುರುತು ಸಿಕ್ಕಿದ್ದು ದಾರಿಯುದ್ದದ ಮಾತಿನಲ್ಲಿ ಅಲ್ಲ, ರೊಟ್ಟಿ ಮುರಿದಾಗ.

ಮತ್ತೆ ಬರುವ ಮನೆ. ಎಷ್ಟು ಚಂದದ ಹೆಸರು! ಪ್ರತಿಯೊಂದು ಕ್ರೈಸ್ತ ಕುಟುಂಬದ ಹೊಸ್ತಿಲ ಮೇಲೆ ಬರೆಯಬಹುದಾದ ಹೆಸರು ಅದು. ದೂರ ಹೋದ ಮಗನಿಗಾಗಿ ದಾರಿ ನೋಡುತ್ತಾ ನಿಂತು, ಅವನು ಕಂಡೊಡನೆ ಓಡಿಹೋಗಿ ತಬ್ಬಿಕೊಂಡು ಔತಣ ಮಾಡಿಸಿದ ತಂದೆಯ ಮನೆಯೂ ಅದೇ ಅಲ್ಲವೇ? ನಾವೆಲ್ಲರೂ ಕೊನೆಗೆ ಹೋಗಿ ಸೇರಬೇಕಾದದ್ದು ಅಲ್ಲಿಗೆ. ಅಲ್ಲಿ ಪೂರ್ವದಿಂದಲೂ ಪಶ್ಚಿಮದಿಂದಲೂ, ಉತ್ತರದಿಂದಲೂ ದಕ್ಷಿಣದಿಂದಲೂ ಬಂದವರು ಒಂದೇ ಪಂಕ್ತಿಯಲ್ಲಿ ಕೂರುವರೆಂದು ಪ್ರಭು ಮಾತು ಕೊಟ್ಟಿದ್ದಾರೆ. ಆ ಪಂಕ್ತಿಯಲ್ಲಿ ನಮ್ಮ ಪಕ್ಕದ ಎಲೆ ಯಾರದೆಂದು ನಿರ್ಧರಿಸುವವರು ನಾವಲ್ಲ. ಇಲ್ಲಿ ಯಾರೊಡನೆ ಉಣ್ಣಲು ಒಲ್ಲೆವೆನ್ನುತ್ತೇವೋ, ಅವರೇ ಅಲ್ಲಿ ಪಕ್ಕಕ್ಕೆ ಬಂದು ಕುಳಿತರೆ ಎದ್ದುಹೋಗಲಾದೀತೇ?

ಬೇರ್ಪಟ್ಟವರನ್ನು ಒಂದುಗೂಡಿಸುವ ಪ್ರಭುವೇ, ಕೊರಿಯಾದ ಮಕ್ಕಳಿಗೆ ಶಾಂತಿಯ ದಿನವನ್ನು ದಯಪಾಲಿಸಿ. ಕಾದು ಕಾದು ತೀರಿಹೋದವರನ್ನು ನಿಮ್ಮ ಔತಣಕ್ಕೆ ಸೇರಿಸಿಕೊಳ್ಳಿ. ನಮ್ಮ ನಡುವಿನ ಗೋಡೆಗಳನ್ನು ಕೆಡವಲು ನಮಗೆ ಧೈರ್ಯ ಕೊಡಿ. ನಮ್ಮ ಮನೆಯ ಮೇಜಿನಲ್ಲಿ ಖಾಲಿ ಉಳಿದ ಜಾಗ ತುಂಬುವಂತೆ ಅನುಗ್ರಹಿಸಿ. ಆಮೆನ್.